ಐಟಿಐ ಎಂದರೆ ಮುಖ ಸಿಂಡರಿಸುವುದೇಕೆ?

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಕೂಡಲೇ ಬಂಧುಗಳು, ನೆರೆಹೊರೆಯವರು ಕೇಳುವ ಪ್ರಶ್ನೆ ಒಂದೇ: "ಸೈನ್ಸಾ, ಕಾಮರ್ಸಾ, ಆರ್ಟ್ಸಾ?" ಐಟಿಐಗೆ ಹೋಗುತ್ತೇನೆಂದು ಮಗ ಹೇಳಿದರೆ, "ಯಾಕೆ, ಮಾರ್ಕು ಕಡಿಮೆಯಾಯಿತೇ?" ಎಂದು ವಿಚಾರಿಸುವವರೇ ಹೆಚ್ಚು.

ಶಾಲೆಯಲ್ಲಿ ವೃತ್ತಿ ಕಲಿಸಬೇಕೆಂಬ ಮಾತು ಹೊಸದೇನಲ್ಲ. 1964-66ರ ಕೊಠಾರಿ ಆಯೋಗವೇ ಅದನ್ನು ಹೇಳಿತ್ತು. 1995ರೊಳಗೆ ಪದವಿಪೂರ್ವ ಹಂತದ ಶೇ. 25ರಷ್ಟು ಮಕ್ಕಳನ್ನು ವೃತ್ತಿಶಿಕ್ಷಣಕ್ಕೆ ತರುವ ಗುರಿಯನ್ನು 1986ರ ಶಿಕ್ಷಣ ನೀತಿ ಹಾಕಿಕೊಂಡಿತ್ತು. ಗುರಿ ಕಾಗದದಲ್ಲೇ ಉಳಿಯಿತು. 19ರಿಂದ 24 ವಯಸ್ಸಿನ ದುಡಿಯುವವರಲ್ಲಿ ಔಪಚಾರಿಕ ವೃತ್ತಿಶಿಕ್ಷಣ ಪಡೆದವರು ಶೇ. 5ಕ್ಕೂ ಕಡಿಮೆ ಎಂದು 12ನೇ ಪಂಚವಾರ್ಷಿಕ ಯೋಜನೆ (2012-17) ಅಂದಾಜಿಸಿತ್ತು. ಜರ್ಮನಿಯಲ್ಲಿ ಆ ಪ್ರಮಾಣ ಶೇ. 75.

ಕಾರಣಗಳು ನಮ್ಮ ಮನೆಯೊಳಗೂ ಇವೆ. ಕರಾವಳಿಯ ಎಷ್ಟೋ ಮನೆಗಳು ಗಲ್ಫ್‌ನಲ್ಲಿ ದುಡಿದ ಎಲೆಕ್ಟ್ರಿಶಿಯನ್, ವೆಲ್ಡರ್, ಎ.ಸಿ. ಮೆಕ್ಯಾನಿಕ್‌ಗಳ ಬೆವರಿನಿಂದ ಎದ್ದು ನಿಂತಿವೆ. ಆದರೆ ಅದೇ ತಂದೆ, "ನಾನು ಪಟ್ಟ ಪಾಡು ಮಗನಿಗೆ ಬೇಡ" ಎನ್ನುತ್ತಾರೆ. ಅವರ ಮಾತಿನಲ್ಲಿ ತಪ್ಪಿಲ್ಲ. ಕೈಕೆಲಸದವನಿಗೆ ಸಂಬಳ ಸಿಕ್ಕರೂ ಗೌರವ ಸಿಗಲಿಲ್ಲ ಎಂಬ ನೋವು ಅದರಲ್ಲಿದೆ. ಮದುವೆ ಮಾತುಕತೆಯಲ್ಲೂ ಮೊದಲು ಕೇಳುವುದು ಡಿಗ್ರಿಯನ್ನೇ.

ಇನ್ನೊಂದು ಭಯ, ಐಟಿಐಗೆ ಹೋದರೆ ಮುಂದೆ ಓದುವ ಬಾಗಿಲು ಮುಚ್ಚಿತು ಎಂಬುದು. ಇದು ನಿಜವಲ್ಲ. ನಮ್ಮ ರಾಜ್ಯದಲ್ಲಿ ಎರಡು ವರ್ಷದ ಐಟಿಐ ಮುಗಿಸಿದವರು ಡಿಪ್ಲೊಮಾದ ಎರಡನೇ ವರ್ಷಕ್ಕೆ, ಡಿಪ್ಲೊಮಾ ಮುಗಿಸಿದವರು ಇಂಜಿನಿಯರಿಂಗ್‌ನ ಎರಡನೇ ವರ್ಷಕ್ಕೆ ಸೇರಲು ಅವಕಾಶವಿದೆ. 1961ರ ಅಪ್ರೆಂಟಿಸ್ ಕಾಯ್ದೆಯಡಿ ಕಾರ್ಖಾನೆಯಲ್ಲಿ ಭತ್ಯೆ ಪಡೆಯುತ್ತಲೇ ಕೆಲಸ ಕಲಿಯಬಹುದು.

ಹೆಣ್ಣುಮಕ್ಕಳ ವಿಷಯದಲ್ಲಂತೂ ವೃತ್ತಿಶಿಕ್ಷಣ ಎಂದರೆ ಹೊಲಿಗೆ ಎಂದೇ ಲೆಕ್ಕ. ಹೊಲಿಗೆ ಒಳ್ಳೆಯ ಕಸುಬೇ. ಆದರೆ ಎಲೆಕ್ಟ್ರಾನಿಕ್ಸ್, ಕಂಪ್ಯೂಟರ್ ಆಪರೇಟರ್ ಮುಂತಾದ ಟ್ರೇಡ್‌ಗಳೂ ಇವೆ, ಮಹಿಳಾ ಐಟಿಐಗಳೂ ಇವೆ. ಈ ಮಾತನ್ನು ಮಗಳಿಗೆ ಯಾರಾದರೂ ತಿಳಿಸಿದ್ದಾರೆಯೇ?

ಹಾಗೆಂದು ಐಟಿಐಗೆ ಸೇರಿದವರಿಗೆಲ್ಲ ಕೆಲಸ ಖಚಿತವೆಂದು ನಂಬಬೇಡಿ. ಯಂತ್ರಗಳಿಲ್ಲದ, ಕಲಿಸುವವರಿಲ್ಲದ ಸಂಸ್ಥೆಯಿಂದ ಸಿಗುವ ಸರ್ಟಿಫಿಕೇಟ್ ಬರೀ ಕಾಗದ. ಸೇರಿಸುವ ಮುನ್ನ ನೀವೇ ಹೋಗಿ ನೋಡಿ. ಸಂಸ್ಥೆಗೆ ಮಾನ್ಯತೆ ಇದೆಯೇ, ವರ್ಕ್‌ಶಾಪ್ ನಡೆಯುತ್ತಿದೆಯೇ, ಹಿಂದಿನ ವರ್ಷದ ಮಕ್ಕಳು ಎಲ್ಲಿ ಅಪ್ರೆಂಟಿಸ್ ಆಗಿದ್ದಾರೆ ಎಂದು ವಿಚಾರಿಸಿ.

ಓದಿನಲ್ಲಿ ಆಸಕ್ತಿಯಿರುವ ಮಗು ಪಿಯುಸಿಗೆ ಹೋಗಲಿ. ಆದರೆ ಕೆಟ್ಟ ಮಿಕ್ಸಿಯನ್ನು ಬಿಚ್ಚಿ ಸರಿಮಾಡುವ ಮಗನನ್ನು ಪಕ್ಕದ ಮನೆಯವರ ಮಾತಿಗಂಜಿ ಸೈನ್ಸ್‌ಗೆ ತಳ್ಳಿ, ಎರಡು ವರ್ಷದ ನಂತರ ಫೇಲ್ ಎಂಬ ಹಣೆಪಟ್ಟಿ ಹಚ್ಚಬೇಡಿ. ತಾಯಂದಿರೇ, ಅರ್ಜಿ ತುಂಬುವ ಮುನ್ನ ಅವನ ಮನಸ್ಸಿನಲ್ಲೇನಿದೆ ಎಂದು ಒಮ್ಮೆ ಕೇಳಿ.