ಶ್ರಮಣ ಮತ್ತು ಶ್ರವಣ: ಎರಡು ಪದಗಳು, ಎರಡು ಮೂಲಗಳು

ಶ್ರವಣಬೆಳಗೊಳಕ್ಕೆ ಆ ಹೆಸರು ಹೇಗೆ ಬಂತು ಎಂದು ಮಕ್ಕಳು ಕೇಳಿದರೆ, ಶ್ರಾವಣ ಮಾಸದಿಂದ ಬಂತೆಂದು ಕೆಲವರು ಹೇಳುತ್ತಾರೆ. ಧರ್ಮವನ್ನು ಶ್ರವಣ ಮಾಡುವ, ಅಂದರೆ ಕೇಳುವ ಸ್ಥಳ ಎಂದು ಇನ್ನು ಕೆಲವರು ವಿವರಿಸುತ್ತಾರೆ. ಎರಡೂ ಸರಿಯಲ್ಲ. ಇಲ್ಲಿರುವ ‘ಶ್ರವಣ’ ಪದದ ಮೂಲ ‘ಶ್ರಮಣ’. ಶ್ರಮಣ ಎಂದರೆ ಜೈನ ಮುನಿ.

‘ಶ್ರವಣ’ ಪದವು ಸಂಸ್ಕೃತದ ‘ಶ್ರು’ ಧಾತುವಿನಿಂದ ಬಂದಿದೆ. ಶ್ರು ಎಂದರೆ ಕೇಳು. ಶ್ರುತಿ, ಶ್ರುತಜ್ಞಾನ, ಶ್ರೋತೃ ಇವೆಲ್ಲ ಇದೇ ಧಾತುವಿನ ಪದಗಳು. ‘ಶ್ರಮಣ’ ಪದದ ಧಾತು ‘ಶ್ರಮ್’. ಇದಕ್ಕೆ ದುಡಿ, ದಣಿ, ತಪಸ್ಸು ಮಾಡು ಎಂಬ ಅರ್ಥಗಳಿವೆ. ಸ್ವಂತ ಶ್ರಮದಿಂದ, ತಪಸ್ಸಿನಿಂದ ಕರ್ಮಗಳನ್ನು ಕಳೆದುಕೊಳ್ಳುವವನೇ ಶ್ರಮಣ. ಉಚ್ಚಾರಣೆಯಲ್ಲಿ ಹತ್ತಿರವಾದರೂ ಈ ಎರಡು ಪದಗಳಿಗೆ ಯಾವ ಸಂಬಂಧವೂ ಇಲ್ಲ.

ಹಾಗಾದರೆ ಒಂದರ ಜಾಗಕ್ಕೆ ಇನ್ನೊಂದು ಬಂದದ್ದು ಹೇಗೆ? ಪ್ರಾಕೃತದಲ್ಲಿ ಶ್ರಮಣ ಎಂಬುದು ‘ಸಮಣ’ ಆಯಿತು. ಭಗವಾನ್ ಮಹಾವೀರರನ್ನು ಆಗಮಗಳು ಸಮಣರೆಂದೇ ಕರೆಯುತ್ತವೆ. ಅಶೋಕನ ಶಾಸನಗಳಲ್ಲಿಯೂ ಈ ಪದವಿದೆ. ಕನ್ನಡದಲ್ಲಿ ಇದು ‘ಸವಣ’ ಎಂದಾಯಿತು. ಕುಮಾರ ಎಂಬುದು ಕುವರ ಆದಂತೆ, ಗಾಮುಂಡ ಎಂಬುದು ಗಾವುಂಡ ಆದಂತೆ, ಇಲ್ಲಿಯೂ ಮಕಾರವು ವಕಾರವಾಗಿದೆ. ಹಳಗನ್ನಡದಲ್ಲಿ ಸವಣ ಎಂದರೆ ಜೈನ ಸಂನ್ಯಾಸಿ.

ಗೊಂದಲ ಹುಟ್ಟಿದ್ದು ಇಲ್ಲಿಯೇ. ಕೇಳುವಿಕೆ ಎಂಬ ಅರ್ಥದ ಶ್ರವಣ ಪದವೂ ಪ್ರಾಕೃತದಲ್ಲಿ ‘ಸವಣ’ ಆಗುತ್ತದೆ. ಹೀಗಾಗಿ ಕನ್ನಡದ ಸವಣವನ್ನು ಮತ್ತೆ ಸಂಸ್ಕೃತಕ್ಕೆ ತಿರುಗಿಸಿದಾಗ ಅದು ‘ಶ್ರಮಣ’ವಾಗದೆ ‘ಶ್ರವಣ’ವಾಯಿತು. ಬೆಳಗೊಳ ಎಂಬುದು ಅಚ್ಚ ಕನ್ನಡದ ಹೆಸರು: ಬೆಳ್ ಎಂದರೆ ಬಿಳಿ, ಅದಕ್ಕೆ ಕೊಳ ಸೇರಿದೆ. ವಿಂಧ್ಯಗಿರಿ ಮತ್ತು ಚಂದ್ರಗಿರಿಗಳ ನಡುವೆ ಇಂದಿಗೂ ಕೊಳವಿದೆ. ಆದ್ದರಿಂದ ಶ್ರವಣಬೆಳಗೊಳ ಎಂದರೆ ಜೈನ ಮುನಿಗಳ ಬಿಳಿಗೊಳ.

‘ಶ್ರು’ ಧಾತುವಿಗೂ ನಮ್ಮಲ್ಲಿ ಗೌರವದ ಸ್ಥಾನವಿದೆ. ಗೃಹಸ್ಥರಾದ ನಾವು ‘ಶ್ರಾವಕ’ರು. ಶ್ರಾವಕ ಎಂದರೆ ಗುರುಗಳ ಉಪದೇಶವನ್ನು ಕೇಳುವವನು. ಶ್ರದ್ಧೆ, ವಿವೇಕ, ಕ್ರಿಯೆಗಳ ಮೊದಲ ಅಕ್ಷರಗಳು ಸೇರಿ ಈ ಪದವಾಯಿತೆಂದು ಪ್ರವಚನಗಳಲ್ಲಿ ಹೇಳುವುದುಂಟು. ಅದು ಕರ್ತವ್ಯವನ್ನು ನೆನಪಿನಲ್ಲಿಡಲು ಒಳ್ಳೆಯ ವಿವರಣೆ, ಆದರೆ ಪದದ ಹುಟ್ಟು ಶ್ರು ಧಾತುವಿನಲ್ಲಿಯೇ ಇದೆ.

ಹೀಗೆ ಚತುರ್ವಿಧ ಸಂಘದ ಹೆಸರುಗಳಲ್ಲಿ ಎರಡು ಧಾತುಗಳೂ ಇವೆ. ಮುನಿಗಳ ಗುರುತು ಶ್ರಮ, ಶ್ರಾವಕರ ಗುರುತು ಶ್ರವಣ. ಕೇಳಿದವನು ಅದನ್ನು ಆಚರಣೆಗೆ ತಂದು ಒಂದೊಂದೇ ವ್ರತವನ್ನು ಏರುತ್ತಾ ಹೋದರೆ ಶ್ರಮಣ ಮಾರ್ಗಕ್ಕೆ ಹತ್ತಿರವಾಗುತ್ತಾನೆ.

ಊರಿನ ಹೆಸರನ್ನು ತಿದ್ದಬೇಕಾಗಿಲ್ಲ. ಅದು ರೂಢಿಯಲ್ಲಿ ನೆಲೆಯಾಗಿದೆ. ಆದರೆ ಆಮಂತ್ರಣ ಪತ್ರಿಕೆಗಳಲ್ಲಿ, ಲೇಖನಗಳಲ್ಲಿ ‘ಶ್ರವಣ ಸಂಸ್ಕೃತಿ’, ‘ಶ್ರವಣ ಪರಂಪರೆ’ ಎಂದು ಅಚ್ಚಾದರೆ ಅರ್ಥವೇ ಬದಲಾಗುತ್ತದೆ. ನಮ್ಮದು ಶ್ರಮಣ ಸಂಸ್ಕೃತಿ. ಒಂದು ಅಕ್ಷರ ತಪ್ಪಿದರೆ ಮುನಿಗಳ ತಪಸ್ಸೇ ಆ ಹೆಸರಿನಿಂದ ಮರೆಯಾಗುತ್ತದೆ. ಮುಂದಿನ ಬಾರಿ ಬಾಹುಬಲಿ ಸ್ವಾಮಿಯ ದರ್ಶನಕ್ಕೆ ಹೋದಾಗ ಮಕ್ಕಳಿಗೆ ಈ ಮಾತನ್ನು ತಿಳಿಸೋಣ.