ರಸಾಯನಶಾಸ್ತ್ರದ ಭಾಷೆ

ಅಡುಗೆಯ ಉಪ್ಪು, ಸುಣ್ಣ, ನವಸಾಗರ, ಮೈಲುತುತ್ತ - ಇವು ಮನೆಯಲ್ಲಿಯೂ ಅಂಗಡಿಯಲ್ಲಿಯೂ ಕೇಳಿಬರುವ ಹೆಸರುಗಳು. ದಿನನಿತ್ಯದ ವ್ಯವಹಾರಕ್ಕೆ ಇವು ಸಾಕು. ಆದರೆ ಮೈಲುತುತ್ತವೆಂಬ ಹೆಸರು ನವಿಲಿನ ಕೊರಳ ಬಣ್ಣವನ್ನು ನೆನಪಿಗೆ ತರುತ್ತದೆಯೇ ಹೊರತು, ಆ ವಸ್ತುವಿನಲ್ಲಿ ತಾಮ್ರ, ಗಂಧಕ, ಆಮ್ಲಜನಕಗಳು ಸೇರಿವೆಯೆಂಬುದನ್ನು ತಿಳಿಸುವುದಿಲ್ಲ.

ಹದಿನೆಂಟನೆಯ ಶತಮಾನದ ಯೂರೋಪಿನಲ್ಲಿ ರಸಾಯನ ವಿಜ್ಞಾನಿಗಳಿಗೂ ಇದೇ ತೊಡಕು ಎದುರಾಗಿತ್ತು. ಒಂದೇ ವಸ್ತುವಿಗೆ ಹಲವು ಹೆಸರುಗಳಿದ್ದವು. ಕೆಲವು ಹೆಸರುಗಳಂತೂ ದಾರಿ ತಪ್ಪಿಸುತ್ತಿದ್ದವು. 'ಆಂಟಿಮೊನಿಯ ಬೆಣ್ಣೆ' ಎಂದು ಕರೆಯಲ್ಪಡುತ್ತಿದ್ದ ವಸ್ತು ಚರ್ಮವನ್ನು ಸುಡುವ ವಿಷವಾಗಿತ್ತು! 1787ರಲ್ಲಿ ಫ್ರಾನ್ಸಿನ ಗೀಟನ್ ದ ಮೊರ್ವೋ, ಲಾವೋಸಿಯೇ, ಬರ್ತೋಲೆ ಮತ್ತು ಫೂರ್ಕ್ರುವಾ ಎಂಬ ನಾಲ್ವರು ಹೊಸ ಹೆಸರಿಡುವ ಕ್ರಮವೊಂದನ್ನು ಪ್ರಕಟಿಸಿದರು. ಸಂಯುಕ್ತ ವಸ್ತುವಿನ ಹೆಸರು ಅದರಲ್ಲಿರುವ ಧಾತುಗಳನ್ನು ಸೂಚಿಸಬೇಕೆಂಬುದೇ ಆ ಕ್ರಮದ ತಿರುಳು.

ಹೆಸರುಗಳು ಸರಿಹೋದ ಮೇಲೆ ಅವನ್ನು ಚಿಕ್ಕದಾಗಿ ಬರೆಯುವ ಬಗೆ ಬೇಕಾಯಿತು. ಇಂಗ್ಲೆಂಡಿನ ಡಾಲ್ಟನ್ ಪರಮಾಣುಗಳನ್ನು ಸಣ್ಣ ವೃತ್ತಗಳಿಂದ ತೋರಿಸಿದನು. ಸ್ವೀಡನ್ ದೇಶದ ಬರ್ಜೀಲಿಯಸ್ 1813ರಲ್ಲಿ ಇನ್ನೂ ಸುಲಭವಾದ ಮಾರ್ಗವನ್ನು ಸೂಚಿಸಿದನು. ಧಾತುವಿನ ಲ್ಯಾಟಿನ್ ಹೆಸರಿನ ಒಂದೆರಡು ಅಕ್ಷರಗಳೇ ಅದರ ಸಂಕೇತ. ಕಬ್ಬಿಣದ ಲ್ಯಾಟಿನ್ ಹೆಸರು ಫೆರಮ್. ಆದುದರಿಂದಲೇ ಅದರ ಸಂಕೇತ 'ಎಫ್‌ಇ'.

ಸಂಕೇತಗಳು ಅಕ್ಷರಗಳಾದರೆ ಸೂತ್ರವು ಪದ. ನೀರಿನ ಸೂತ್ರವಾದ 'ಎಚ್₂ಓ' ಎಂಬುದು ನೀರಿನ ಒಂದು ಅಣುವಿನಲ್ಲಿ ಜಲಜನಕದ ಎರಡು ಪರಮಾಣುಗಳೂ ಆಮ್ಲಜನಕದ ಒಂದು ಪರಮಾಣುವೂ ಇವೆಯೆಂದು ಹೇಳುತ್ತದೆ. ಈ ಅಂಕಿಗಳನ್ನು ಮನಬಂದಂತೆ ಬರೆಯುವಂತಿಲ್ಲ. ಪ್ರತಿಯೊಂದು ಧಾತುವಿಗೂ ತನ್ನದೇ ಆದ ಸಂಯೋಗ ಸಾಮರ್ಥ್ಯ, ಅಂದರೆ ವೇಲೆನ್ಸಿ, ಉಂಟು. ಅಲ್ಯೂಮಿನಿಯಮಿನ ವೇಲೆನ್ಸಿ 3, ಆಮ್ಲಜನಕದ್ದು 2. ಎರಡು ಕಡೆಯ ಸಾಮರ್ಥ್ಯವೂ ಸಮನಾಗಬೇಕಾದರೆ ಅಲ್ಯೂಮಿನಿಯಮಿನ ಎರಡು ಪರಮಾಣುಗಳಿಗೆ ಆಮ್ಲಜನಕದ ಮೂರು ಪರಮಾಣುಗಳು ಬೇಕು. ಆಗ ಎರಡು ಕಡೆಯೂ 6 ಆಗುತ್ತದೆ. ಆದುದರಿಂದ ಅಲ್ಯೂಮಿನಿಯಮ್ ಆಕ್ಸೈಡಿನ ಸೂತ್ರ 'ಎಎಲ್₂ಓ₃'.

ಹೆಸರಿಡುವಾಗ ಲೋಹವನ್ನು ಮೊದಲು ಹೇಳಬೇಕು. ಹೆಸರಿನ ಕೊನೆಯೂ ಅರ್ಥವುಳ್ಳದ್ದು. ಸೋಡಿಯಮ್ ಸಲ್ಫೈಡಿನಲ್ಲಿ ಸೋಡಿಯಮ್ ಮತ್ತು ಗಂಧಕ ಮಾತ್ರ ಇವೆ. ಸಲ್ಫೈಟಿನಲ್ಲಿ ಗಂಧಕದ ಒಂದು ಪರಮಾಣುವಿನೊಡನೆ ಆಮ್ಲಜನಕದ ಮೂರು, ಸಲ್ಫೇಟಿನಲ್ಲಿ ನಾಲ್ಕು ಪರಮಾಣುಗಳಿರುತ್ತವೆ. ಒಂದೇ ಒಂದು ಅಕ್ಷರ ಬದಲಾದರೂ ವಸ್ತುವೇ ಬೇರೆಯಾಗುತ್ತದೆ.

ಈ ಎಚ್ಚರಿಕೆ ಕೇವಲ ಪರೀಕ್ಷೆಯ ಅಂಕಗಳಿಗಾಗಿ ಅಲ್ಲ. ಇಂಗಾಲದ ಡೈಆಕ್ಸೈಡು, 'ಸಿಓ₂', ಪ್ರಾಣಿಗಳು ಉಸಿರಿನೊಡನೆ ಹೊರಬಿಡುವ ಅನಿಲ. ಹಸಿರು ಗಿಡಗಳಿಗೆ ಅದೇ ಆಹಾರದ ಮೂಲ. ಆಮ್ಲಜನಕದ ಒಂದು ಪರಮಾಣು ಕಡಿಮೆಯಾದರೆ ಅದು ಇಂಗಾಲದ ಮಾನಾಕ್ಸೈಡು, 'ಸಿಓ'. ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿಯುವಾಗ ಹುಟ್ಟುವ ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ರಕ್ತದ ಹಿಮೋಗ್ಲೋಬಿನ್ನನ್ನು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಹಿಡಿದು, ಮಲಗಿದವರನ್ನು ಮಲಗಿದಂತೆಯೇ ಕೊಲ್ಲಬಲ್ಲದು. ಪಾದರಸದ ಎರಡು ಕ್ಲೋರೈಡುಗಳೂ ಇಂತಹವೇ. 'ಎಚ್‌ಜಿ₂ಸಿಎಲ್₂' ಸೂತ್ರದ ಮರ್ಕ್ಯುರಸ್ ಕ್ಲೋರೈಡನ್ನು ಹಿಂದೆ ವೈದ್ಯರು ಭೇದಿಯ ಔಷಧವಾಗಿ ಕೊಡುತ್ತಿದ್ದರು. 'ಎಚ್‌ಜಿಸಿಎಲ್₂' ಸೂತ್ರದ ಮರ್ಕ್ಯುರಿಕ್ ಕ್ಲೋರೈಡು ನೀರಿನಲ್ಲಿ ಕರಗುವ ಘೋರ ವಿಷ. ಔಷಧ ಕೊಡುವವನು ಹೆಸರಿನ ಕೊನೆಯನ್ನು ತಪ್ಪಾಗಿ ಓದಿದರೆ ರೋಗಿಯ ಪ್ರಾಣಕ್ಕೇ ಅಪಾಯ.

ಒಂದು ಸೂತ್ರವನ್ನು ಬೆಂಗಳೂರಿನ ವಿದ್ಯಾರ್ಥಿಯೂ ಜಪಾನಿನ ವಿದ್ಯಾರ್ಥಿಯೂ ಒಂದೇ ರೀತಿಯಾಗಿ ಅರ್ಥ ಮಾಡಿಕೊಳ್ಳುತ್ತಾರೆ. ಈ ಭಾಷೆಯ ಅಕ್ಷರಗಳು ಕೆಲವೇ. ಆದರೆ ಅದರಲ್ಲಿ ಒಂದು ಅಂಕಿಯೂ ವ್ಯರ್ಥವಲ್ಲ. ಅದನ್ನು ಕಲಿಯುವವನು ಮೊದಲು ಕಲಿಯಬೇಕಾದುದು ಎಚ್ಚರದಿಂದ ಓದುವುದನ್ನು, ಎಚ್ಚರದಿಂದ ಬರೆಯುವುದನ್ನು.