ಯಾವ ಬಾಗಿಲನ್ನು ತಟ್ಟಬೇಕು?

ಕಾಯಿಲೆ ಎಂಬುದು ಗಡಿಯಾರ ನೋಡಿ ಬರುವ ಅತಿಥಿಯಲ್ಲ. ತರಕಾರಿ ಹೆಚ್ಚುವಾಗ ಈಳಿಗೆಮಣೆ ಬೆರಳನ್ನು ಕೊಯ್ಯುವುದು, ಆಡಲು ಹೋದ ಹುಡುಗ ಕಾಲು ಉಳುಕಿಸಿಕೊಂಡು ಕುಂಟುತ್ತ ಬರುವುದು, ಬೆಳಗಿನವರೆಗೆ ನೆಟ್ಟಗಿದ್ದ ಮಗುವಿಗೆ ಮಧ್ಯಾಹ್ನದ ಹೊತ್ತಿಗೆ ಮೈ ಕಾಯುವುದು, ಇವೆಲ್ಲ ಸಂಸಾರವಿದ್ದೆಡೆಯಲ್ಲಿ ಇದ್ದದ್ದೇ. ಇವು ಪ್ರಾಣಕ್ಕೆ ಸಂಚಕಾರ ತರುವಂಥವಲ್ಲ. ಹಾಗೆಂದು ನಾಳೆಗೆ ಮುಂದೂಡುವಂಥವೂ ಅಲ್ಲ. ಇಂಥ ಗಳಿಗೆಯಲ್ಲಿ ಮನೆಮಂದಿಯನ್ನು ಮೊದಲು ಕಾಡುವ ಪ್ರಶ್ನೆ ಒಂದೇ: ಕರೆದುಕೊಂಡು ಹೋಗುವುದು ಎಲ್ಲಿಗೆ?

ಒಂದು ಕಾಲದಲ್ಲಿ ಈ ಪ್ರಶ್ನೆಗೆ ಉತ್ತರ ಬೀದಿಯ ತಿರುವಿನಲ್ಲೇ ಇರುತ್ತಿತ್ತು. ಮೈಸೂರು, ಬೆಂಗಳೂರುಗಳ ಹಳೆಯ ಬಡಾವಣೆಗಳಲ್ಲಿ ಅದನ್ನು 'ಡಾಕ್ಟರ ಷಾಪು' ಎಂದೇ ಕರೆಯುತ್ತಿದ್ದರು. ಒಂದು ಬೆಂಚು, ಒಂದು ಪರದೆ, ಪರದೆಯ ಹಿಂದೆ ಮನೆತನದ ಎರಡು ಮೂರು ತಲೆಮಾರಿನ ಮೈಗುಣವನ್ನು ಬಲ್ಲ ವೈದ್ಯರು. ಪಕ್ಕದಲ್ಲಿ ಸೀಸೆಗೆ ಕಾಗದದ ಗುರುತು ಅಂಟಿಸಿ ಮಿಕ್ಸ್ಚರ್ ತುಂಬಿಕೊಡುವ ಕಾಂಪೌಂಡರು. ಚಿಕ್ಕ ಕಾಯಿಲೆ ಅಲ್ಲೇ ವಾಸಿಯಾಗುತ್ತಿತ್ತು. ದೊಡ್ಡದಾದರೆ ಆ ವೈದ್ಯರೇ ಚೀಟಿ ಬರೆದು ದೊಡ್ಡಾಸ್ಪತ್ರೆಗೆ ಕಳುಹಿಸುತ್ತಿದ್ದರು.

ಇಂದು ಆ ಷಾಪುಗಳು ವಿರಳವಾಗುತ್ತ ಬಂದಿವೆ. ಗಾಜಿನ ಗೋಡೆಗಳ ದೊಡ್ಡ ಆಸ್ಪತ್ರೆಗಳು ಎದ್ದು ನಿಂತಿವೆ. ಬೆರಳು ಕೊಯ್ದುಕೊಂಡವರೂ ಅಲ್ಲಿನ ತುರ್ತು ಚಿಕಿತ್ಸಾ ವಿಭಾಗಕ್ಕೆ ಧಾವಿಸುವುದುಂಟು. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಎತ್ತಿದಂತೆ! ಹಣದ ವೆಚ್ಚವೊಂದೇ ಆಗಿದ್ದರೆ ಹೇಗೋ ಸಹಿಸಬಹುದಿತ್ತು. ಕಾಯುವ ಬವಣೆಯೂ ಅದರೊಡನೆ ಸೇರುತ್ತದೆ. "ಮೊದಲು ಬಂದವರು ನಾವು, ಆಮೇಲೆ ಬಂದವರನ್ನು ಒಳಗೆ ಕರೆದರಲ್ಲ!" ಎಂಬ ಗೊಣಗಾಟ ಅಂಥಲ್ಲಿ ಹೊಸತೇನಲ್ಲ.

ಸರದಿಯ ಧರ್ಮ

ಆದರೆ ಆ ವಿಭಾಗದ ಸರದಿಗೆ ಬೇರೆಯದೇ ಆದ ಧರ್ಮವುಂಟು. ನೆಪೋಲಿಯನ್ನನ ಸೈನ್ಯದಲ್ಲಿ ಶಸ್ತ್ರವೈದ್ಯನಾಗಿದ್ದ ಡೊಮಿನಿಕ್ ಝಾನ್ ಲಾರೆ (1766–1842) ಎಂಬಾತನು ಗಾಯಾಳುಗಳಲ್ಲಿ ಸೇನಾನಿ ಯಾರು, ಸಿಪಾಯಿ ಯಾರು ಎಂಬುದನ್ನು ಲೆಕ್ಕಿಸದೆ, ಗಾಯದ ತೀವ್ರತೆಯನ್ನು ನೋಡಿ ಚಿಕಿತ್ಸೆಯ ಕ್ರಮವನ್ನು ನಿರ್ಧರಿಸಿದನು. ಈ ವಿಂಗಡಣೆಗೆ ಫ್ರೆಂಚ್ ಭಾಷೆಯ 'ಟ್ರಿಯಾಜ್' ಎಂಬ ಹೆಸರೇ ಇಂದು ಆಸ್ಪತ್ರೆಗಳಲ್ಲಿ ನಿಂತಿದೆ. ಉಸಿರು ಕಟ್ಟಿದವನು ಹಿಂದೆ ಬಂದರೂ ಮುಂದೆ. ಕಾಲು ಉಳುಕಿದವನು ಮುಂದೆ ಬಂದರೂ ಹಿಂದೆ. ಹೀಗಿರುವಾಗ ಸಣ್ಣ ಪೆಟ್ಟಿನವರು ಅಲ್ಲಿ ನೆರೆದರೆ ಅವರಿಗೆ ಕಾಯುವುದು ತಪ್ಪದು. ದಾದಿಯರ, ವೈದ್ಯರ ಗಮನವೂ ಹತ್ತೆಡೆ ಹಂಚಿಹೋಗುತ್ತದೆ. ಒಬ್ಬರ ಅವಸರ ಇನ್ನೊಬ್ಬರ ಪ್ರಾಣಕ್ಕೆ ಅಡ್ಡಿಯಾಗಲೂಬಹುದು.

ಈ ಇಕ್ಕಟ್ಟಿಗೆ ಪರಿಹಾರವೆಂಬಂತೆ 1970ರ ದಶಕದಲ್ಲಿ ಅಮೆರಿಕದಲ್ಲಿ ಹೊಸ ಬಗೆಯ ಚಿಕಿತ್ಸಾಲಯಗಳು ಹುಟ್ಟಿಕೊಂಡವು. ಮುಂಚಿತವಾಗಿ ವೇಳೆ ಗೊತ್ತುಮಾಡಿಕೊಳ್ಳದೆ ನೇರವಾಗಿ ನಡೆದುಹೋಗಿ ಸಣ್ಣ ಗಾಯ, ಜ್ವರಗಳಿಗೆ ಮದ್ದು ಪಡೆಯುವ ತಾಣಗಳವು. ಮಕ್ಕಳ ಮನೆಯಲ್ಲಿ ನಾಲ್ಕು ತಿಂಗಳು ಇದ್ದು ಬಂದ ನಮ್ಮ ಹಿರಿಯರಿಗೆ 'ಅರ್ಜೆಂಟ್ ಕೇರ್' ಎಂಬ ಅದರ ಹೆಸರು ಅಪರಿಚಿತವೇನಲ್ಲ. ನಮ್ಮ ದೇಶದಲ್ಲಿ ದೆಹಲಿಯು 2015ರಲ್ಲಿ ಮೊಹಲ್ಲಾ ಕ್ಲಿನಿಕ್ಕುಗಳನ್ನು ತೆರೆಯಿತು. ಕರ್ನಾಟಕದ ನಗರಗಳಲ್ಲಿ 2022ರ ಡಿಸೆಂಬರಿನಲ್ಲಿ 'ನಮ್ಮ ಕ್ಲಿನಿಕ್' ಆರಂಭವಾಯಿತು. ಯೋಜನೆಯಲ್ಲಿ ಗೊತ್ತಾದ 438 ಕ್ಲಿನಿಕ್ಕುಗಳ ಪೈಕಿ 243 ಬೆಂಗಳೂರಿನ ಪಾಲಿನವು.

ಬೀದಿಯ ವೈದ್ಯ ಮರಳಿ ಬಂದಂತೆ

ನಮ್ಮ ಕ್ಲಿನಿಕ್ಕಿನ ಸ್ವರೂಪ ಸರಳವಾದದ್ದು. ಒಬ್ಬ ವೈದ್ಯರು, ಒಬ್ಬ ದಾದಿ, ರಕ್ತ ಮೂತ್ರಗಳ ಸಾಮಾನ್ಯ ಪರೀಕ್ಷೆ ಮಾಡುವ ಒಬ್ಬ ತಂತ್ರಜ್ಞ, ಒಬ್ಬ ಸಹಾಯಕ. ತಪಾಸಣೆ, ಪರೀಕ್ಷೆ, ಔಷಧಿ ಎಲ್ಲವೂ ಉಚಿತ. ಆರಂಭದಲ್ಲಿ ಗೊತ್ತುಮಾಡಿದ ವೇಳೆ ಬೆಳಿಗ್ಗೆ 9ರಿಂದ ಸಂಜೆ 4.30ರವರೆಗೆ. ತಮ್ಮ ಬಡಾವಣೆಯಲ್ಲಿನ ವೇಳೆಯನ್ನು ಮುಂದಾಗಿಯೇ ವಿಚಾರಿಸಿಟ್ಟುಕೊಳ್ಳುವುದು ಲೇಸು. 'ಬಿಟ್ಟಿಯದು ಬಡವರಿಗೆ' ಎಂಬ ಸಂಕೋಚದಿಂದ ಅದರ ಮುಂದೆಯೇ ಹಾದುಹೋಗುವ ಮಧ್ಯಮವರ್ಗದವರುಂಟು. ಆ ಸಂಕೋಚಕ್ಕೆ ಕಾರಣವಿಲ್ಲ. ಅದು ಎಲ್ಲರಿಗಾಗಿ ತೆರೆದ ಬಾಗಿಲು.

ಇಲ್ಲಿಗೆ ಒಯ್ಯಬೇಕಾದ ತೊಂದರೆಗಳು ಯಾವುವು? ನೆಗಡಿ, ಕೆಮ್ಮು, ಗಂಟಲುನೋವು, ಕಿವಿನೋವು, ಕಣ್ಣು ಕೆಂಪಾಗುವುದು, ಮೈ ತುರಿಕೆ, ಒಂದೆರಡು ದಿನದ ಜ್ವರ, ಹೊಟ್ಟೆ ಕೆಡುವುದು, ಉಳುಕು, ತರಚು ಗಾಯ. ಇವು ಅದರ ಅಳವಿಗೆ ಸೇರಿದವು. ಗಾಯ ಆಳವಾಗಿದ್ದರೆ, ಮೂಳೆ ಮುರಿದ ಸಂದೇಹವಿದ್ದರೆ ವೈದ್ಯರು ಮುಂದಿನ ಆಸ್ಪತ್ರೆಗೆ ಚೀಟಿ ಕೊಡುತ್ತಾರೆ. ಕೈಗೆ ಬಿಸಿನೀರು ಬಿದ್ದಾಗ ಇಂಕು, ಟೂತ್‌ಪೇಸ್ಟುಗಳನ್ನು ಬಳಿಯುವ ಪದ್ಧತಿಯನ್ನು ಬಿಡಬೇಕು. ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿದು ಆಮೇಲೆ ಹೊರಡುವುದು ಸರಿಯಾದ ಕ್ರಮ. ಭೇದಿಯಾದ ಮಗುವಿಗೆ ಓ.ಆರ್.ಎಸ್. ನೀರನ್ನು ದಾರಿಯುದ್ದಕ್ಕೂ ಗುಟುಕು ಗುಟುಕಾಗಿ ಕುಡಿಸುತ್ತಿರಬೇಕು.

ಇಲ್ಲಿ ನಿಲ್ಲಬಾರದು

ಚಿಕ್ಕದಕ್ಕೆ ದೊಡ್ಡ ಬಾಗಿಲು ತಟ್ಟಿದರೆ ಹಣ, ಹೊತ್ತು ಹೋದಾವು. ದೊಡ್ಡದಕ್ಕೆ ಚಿಕ್ಕ ಬಾಗಿಲು ತಟ್ಟಿದರೆ ಜೀವವೇ ಹೋದೀತು. ಎದೆಯನ್ನು ಹಿಂಡಿದಂತಾಗಿ ನೋವು ಎಡತೋಳಿಗೋ ದವಡೆಗೋ ಹಬ್ಬಿ ಬೆವರಿಳಿಯುವುದು, ಬಾಯಿ ಒಂದು ಕಡೆಗೆ ಸೊಟ್ಟಗಾಗುವುದು, ಒಂದು ಕೈ ಸೋಲುವುದು, ಮಾತು ತೊದಲುವುದು, ಉಸಿರಾಟದ ಕಷ್ಟ, ನಿಲ್ಲದ ರಕ್ತಸ್ರಾವ, ತಲೆಗೆ ಪೆಟ್ಟು ಬಿದ್ದ ಬಳಿಕ ವಾಂತಿ ಅಥವಾ ಮಂಪರು, ಹಾವಿನ ಕಡಿತ. ಇವುಗಳಲ್ಲಿ ಯಾವುದೊಂದು ಕಂಡರೂ ಎಲ್ಲಿಯೂ ನಿಲ್ಲದೆ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಪಾರ್ಶ್ವವಾಯುವಿನಲ್ಲಿ ರಕ್ತದ ಹೆಪ್ಪನ್ನು ಕರಗಿಸುವ ಚುಚ್ಚುಮದ್ದು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಬಿದ್ದರಷ್ಟೇ ಫಲ. ಕರ್ನಾಟಕದಲ್ಲಿ 2008ರಿಂದ ಓಡುತ್ತಿರುವ 108ರ ಆಂಬುಲೆನ್ಸ್ ಇರುವುದು ಇಂಥ ಹೊತ್ತಿಗಾಗಿಯೇ.

ಸೋಗು ಹಾಕಿ ಬರುವ ಅಪಾಯಗಳೂ ಉಂಟು. ಬೀದಿನಾಯಿ ಹಲ್ಲು ತಾಗಿಸಿದ ಗಾಯ ನೋಟಕ್ಕೆ ಗೀರಿನಂತಿರುತ್ತದೆ. ಆದರೆ ರೇಬೀಸ್ ಲಕ್ಷಣ ತೋರಿದ ಮೇಲೆ ಬದುಕುಳಿಯುವುದು ಅಸಾಧ್ಯವೆಂಬಷ್ಟು ಅಪರೂಪ. ಗಾಯವನ್ನು ಸಾಬೂನು, ಹರಿಯುವ ನೀರುಗಳಿಂದ 15 ನಿಮಿಷ ತೊಳೆದು ಅದೇ ದಿನ ಲಸಿಕೆ ಆರಂಭಿಸಬೇಕು. ರಕ್ತ ಬರುವಂತೆ ಕಚ್ಚಿದ್ದರೆ ಲಸಿಕೆಯೊಂದೇ ಸಾಲದು. ಗಾಯದೊಳಕ್ಕೇ ಕೊಡುವ ಇಮ್ಯುನೋಗ್ಲಾಬ್ಯುಲಿನ್ ಎಂಬ ಮದ್ದೂ ಬೇಕು. ಅದಿರುವ ಆಸ್ಪತ್ರೆಗೇ ಹೋಗಬೇಕು. ಡೆಂಗೆ ಜ್ವರದ ಸೋಗು ಇದಕ್ಕಿಂತ ವಿಚಿತ್ರ. ಜ್ವರ ಇಳಿಯಿತೆಂದು ಮನೆಮಂದಿ ನಿಟ್ಟುಸಿರು ಬಿಡುವ ಹೊತ್ತೇ ಅದರ ಕಠಿಣ ಘಟ್ಟ. ಆಗ ತೀವ್ರವಾದ ಹೊಟ್ಟೆನೋವು, ಬಿಡದ ವಾಂತಿ, ವಸಡಿನಲ್ಲಿ ರಕ್ತ ಕಂಡರೆ ತಡಮಾಡಲಾಗದು.

ಚಿಕ್ಕ ಕ್ಲಿನಿಕ್ಕಿಗೆ ಹೊರಟವರು ಬರಿಗೈಯಲ್ಲಿ ಹೋಗಬಾರದು. ಹಳೆಯ ಚೀಟಿಗಳು, ನಿತ್ಯ ನುಂಗುವ ಮಾತ್ರೆಗಳ ಹೆಸರು, ಒಗ್ಗದ ಔಷಧಿ ಯಾವುದೆಂಬ ವಿವರ ಜೊತೆಗಿರಬೇಕು. ಮನೆತನದ ಮೈಗುಣ ಬಲ್ಲ ಹಿಂದಿನ ವೈದ್ಯರ ಜ್ಞಾಪಕಶಕ್ತಿಯ ಜಾಗವನ್ನು ಈ ಕಾಗದಗಳೇ ತುಂಬಬೇಕಾಗಿದೆ. ವೈದ್ಯರು ಬೇಡವೆಂದರೂ ಆಂಟಿಬಯಾಟಿಕ್ ಮಾತ್ರೆಗಾಗಿ ಹಟ ಹಿಡಿಯುವುದು ಸಲ್ಲದು. ಸಾಮಾನ್ಯ ನೆಗಡಿಗೆ ಅದರಿಂದ ಗುಣವೇನೂ ಇಲ್ಲ.

ಅಡಿಗೆಮನೆಯ ಗೋಡೆಯ ಮೇಲೆ ತೂಗುವ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ, ಗ್ಯಾಸ್ ಬಂದ ದಿನಗಳನ್ನು ಗುರುತು ಹಾಕುವುದು ನಮ್ಮ ಗೃಹಿಣಿಯರ ವಾಡಿಕೆ. ಅದರ ಅಂಚಿನಲ್ಲಿ ಇನ್ನು ಮೂರು ಸಾಲು ಸೇರಲಿ: ಹತ್ತಿರದ ಕ್ಲಿನಿಕ್ಕು ಮತ್ತು ಅದರ ವೇಳೆ, ಹಗಲಿರುಳು ತೆರೆದಿರುವ ಆಸ್ಪತ್ರೆ, 108. ಗಾಬರಿಯ ಗಳಿಗೆಯಲ್ಲಿ ಬುದ್ಧಿ ಮಂಕಾಗುವುದು ಸಹಜ. ಸಮಾಧಾನದ ದಿನ ಬರೆದಿಟ್ಟ ಆ ಮೂರು ಸಾಲು ಆಗ ಸರಿಯಾದ ಬಾಗಿಲನ್ನು ತೋರಿಸುವುವು.